ಕನ್ನಡಕ ತೆಗೆಯುವ ಡಾಕ್ಟರು

ಮೂವತ್ತೊಂದು ವರ್ಷಗಳಿಂದ ಅವನು ಡಾಕ್ಟರು. ಮೊದಲು ಸಿನಿಮಾಗಳಲ್ಲಿ, ಆಮೇಲೆ ಧಾರಾವಾಹಿಗಳಲ್ಲಿ. ನಡುವೆ ಒಂದೆರಡು ಸಲ ನ್ಯಾಯಾಧೀಶನಾದದ್ದೂ ಉಂಟು, ಆದರೆ ಬಿಳಿ ಕೋಟು ಅವನ ಬೆನ್ನು ಬಿಡಲಿಲ್ಲ. ಕೆಲಸ ಇಷ್ಟೇ: ಆಪರೇಷನ್ ಕೋಣೆಯ ಬಾಗಿಲು ತಳ್ಳಿ ಹೊರಗೆ ಬರುವುದು, ಕನ್ನಡಕ ತೆಗೆಯುವುದು, ಎಡಗಡೆಯ ಕಡ್ಡಿ ಮೊದಲು ಮಡಿಸುವುದು, ಮನಸ್ಸಿನಲ್ಲೇ ಎರಡು ಎಣಿಸಿ, "ನಮ್ಮ ಕೈಲಾದದ್ದೆಲ್ಲ ಮಾಡಿದ್ವಿ" ಎನ್ನುವುದು. ರೋಗಿ ಬದುಕುವ ಕಥೆಯಾದರೆ ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು. ಆ ನಿಯಮ ಅವನದೇ. ಯಾವ ನಿರ್ದೇಶಕನೂ ಅದನ್ನು ಮುರಿದಿರಲಿಲ್ಲ.

ಇವತ್ತು ಅವನು ಬಾಗಿಲಿನ ಹೊರಗೆ ಕುಳಿತಿದ್ದ. ಒಳಗೆ ಹೆಂಡತಿಗೆ ಹೃದಯದ ಆಪರೇಷನ್. ಸ್ಟ್ರೆಚರ್ ಒಳಗೆ ಹೋಗುವಾಗ ಅವಳು, "ರೀ, ಇಲ್ಲಿ ಯಾರಿಗೂ ಔಷಧಿ ಬರ್ಕೊಟ್ಬಿಡ್ಬೇಡಿ" ಎಂದಿದ್ದಳು.

ಮಧ್ಯಾಹ್ನದ ಬೆಳಕು ಕಿಟಕಿಯಿಂದಿಳಿದು ನೆಲದ ಮೇಲೆ ಸದ್ದಿಲ್ಲದೆ ಹರಿಯುತ್ತಿತ್ತು. ಅದು ಒಂದು ಟೈಲ್ಸ್ ದಾಟಲು ಹನ್ನೊಂದು ನಿಮಿಷ ಬೇಕೆಂದು ಅವನು ಲೆಕ್ಕ ಹಾಕಿದ್ದ. ಎಲ್ಲವೂ ಸೆಟ್ಟಿನ ಹಾಗೇ ಇತ್ತು. ಈಗ ಯಾರೋ "ಕಟ್" ಅನ್ನುತ್ತಾರೆ, ಅವಳು ಸೆರಗು ಸರಿಪಡಿಸಿಕೊಳ್ಳುತ್ತ ಹೊರಗೆ ಬರುತ್ತಾಳೆ, ಇಬ್ಬರೂ ಟೀ ಕುಡಿಯಬಹುದು. ಕೈ ಚಾಚಿ ಗೋಡೆ ತಟ್ಟಿದ. ಪ್ಲೈವುಡ್ಡಿನ ಟೊಳ್ಳು ಸದ್ದು ಬರಲಿಲ್ಲ. ಇಟ್ಟಿಗೆಯೇ.

"ನೀವು ಟೀವಿ ಡಾಕ್ಟ್ರಲ್ವಾ?" ಬೆಂಚಿನ ಆಚೆ ತುದಿಯಿಂದ ಒಬ್ಬ ಅಜ್ಜಿ ಕೇಳಿದರು. "ನೀವು ಕನ್ನಡಕಕ್ಕೆ ಕೈ ಹಾಕಿದ್ರೆ ಸಾಕು, ನನ್ನ ಸೊಸೆ ಟೀವಿ ಆರಿಸಿಬಿಡ್ತಾಳೆ. ಎಷ್ಟು ಜನಾನ ಸಾಯಿಸಿದೀರಪ್ಪಾ!"

"ಬರೆದೋರು ಸಾಯಿಸೋದು ಅಜ್ಜೀ. ನಾನು ಬರೀ ಹೇಳೋನು."

"ಹೇಳೋರೇನು ಕಮ್ಮಿನಾ?"

ತೆರೆಯ ಮೇಲೆ ಅವನ ಮಾತು ಕೇಳಿಸಿಕೊಂಡ ಗಂಡಂದಿರೆಲ್ಲ ಒಬ್ಬೊಬ್ಬರಾಗಿ ಕಣ್ಮುಂದೆ ಬಂದು, ಅದೇ ಬೆಂಚಿನಲ್ಲಿ ಒತ್ತಿಕೊಂಡು ಕುಳಿತಂತಾಯಿತು. ಅವರ ಮುಖಗಳನ್ನು ಅವನು ಸರಿಯಾಗಿ ನೋಡಿಯೇ ಇರಲಿಲ್ಲ. ಎರಡು ಎಣಿಸುವುದರಲ್ಲೇ ಗಮನ.

ಬಾಗಿಲು ತೆರೆಯಿತು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹೊರಬಂದಳು. ಅವನ ಕಡೆ ನಡೆದು ಬಂದಳು. ಕನ್ನಡಕ ತೆಗೆದಳು.

ಅವನ ಕಾಲಿನ ಕೆಳಗಿನ ಬೆಳಕು ನಿಂತುಹೋಯಿತು. ಒಂದು. ಎರಡು.

"ಥೂ, ಈ ಮಾಸ್ಕ್ ಒಂದು," ಎನ್ನುತ್ತ ಅವಳು ತೋಳಿಗೆ ಗಾಜು ಉಜ್ಜಿಕೊಂಡಳು. "ಉಸಿರೆಲ್ಲ ಗಾಜಿಗೇ ಬಂದು ಕೂತ್ಕೊಳ್ಳುತ್ತೆ, ಎದುರಿಗೆ ಯಾರಿದಾರೆ ಅಂತಾನೇ ಕಾಣಲ್ಲ. ಹಾಂ, ಸರ್, ಎಲ್ಲಾ ಚೆನ್ನಾಗಾಯ್ತು. ನಾಳೆ ಮಾತಾಡಿಸ್ಬಹುದು."

ಬಿಸಿ ಉಸಿರು ತಣ್ಣನೆಯ ಗಾಜಿಗೆ ತಾಗಿದರೆ ಮಂಜು ಕಟ್ಟುತ್ತದೆ. ಶಾಲೆಯ ಪಾಠ. ಮೂವತ್ತೊಂದು ವರ್ಷದಲ್ಲಿ ಅವನಿಗೆ ಅದು ಹೊಳೆದಿರಲೇ ಇಲ್ಲ. ಶೂಟಿಂಗಿನ ದೀಪ ಪ್ರತಿಫಲಿಸಬಾರದೆಂದು ಪಾತ್ರದ ಕನ್ನಡಕಕ್ಕೆ ಗಾಜೇ ಹಾಕಿರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಮಂಚದ ಪಕ್ಕ ನಿಂತ. ಅವಳು ಕಣ್ಣು ಬಿಟ್ಟಳು. ಅವನ ಸ್ವಂತ ಕನ್ನಡಕದ ಗಾಜು ಮಸುಕಾಯಿತು, ಒರೆಸಿಕೊಳ್ಳಲು ತೆಗೆದ.

"ಅಯ್ಯೋ, ಹಾಕ್ಕೊಳ್ರೀ ಅದನ್ನ," ಅವಳು ಪಿಸುಗುಟ್ಟಿದಳು. "ನಾನಿನ್ನೂ ಇದೀನಿ."