ಐದೂ ಇಪ್ಪತ್ತರ ಬಸ್ಸಿನಲ್ಲಿ ಮೂರು ಜನ

ಬಸ್ ಕಂಪನಿಯ ಎರಡನೇ ಮಹಡಿಯಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ ಕೂತವಳನ್ನು ಎಲ್ಲರೂ ಮ್ಯಾಕ್ರೋ ಮೇಡಂ ಎಂದೇ ಕರೆಯುತ್ತಿದ್ದರು. ಅವಳು ಎಕ್ಸೆಲ್ಲಿನಲ್ಲಿ ಬರೆದ ಮ್ಯಾಕ್ರೋ ಎಂಬ ಪುಟ್ಟ ಪ್ರೋಗ್ರಾಮಿನ ಒಂದು ಬಟನ್ ಒತ್ತಿದರೆ ಸಾಕು. ಅದು ಡೇಟಾಬೇಸಿಗೆ ಹೋಗಿ, ಒಂದು ತಿಂಗಳ ಟಿಕೆಟ್ಟುಗಳನ್ನೆಲ್ಲ ಬಾಚಿ ತಂದು, ಶೀಟಿನ ಮೇಲೆ ಸುರಿದು, ಯಾವ ಟ್ರಿಪ್ಪಿನಲ್ಲಿ ಎಷ್ಟು ಜನ ಎಂದು ಪಿವೋಟ್ ಟೇಬಲ್ಲಿನಲ್ಲಿ ಸಾಲಾಗಿ ನಿಲ್ಲಿಸುತ್ತಿತ್ತು. ಅವಳು ಬರುವ ಮುಂಚೆ ಇದೇ ಕೆಲಸಕ್ಕೆ ಮೂವರು ಗುಮಾಸ್ತರು ಒಂದು ವಾರ ಬೆವರು ಸುರಿಸುತ್ತಿದ್ದರು.

ಅಂಥ ಟೇಬಲ್ಲು ಇವತ್ತು ಅವಳ ಅಕ್ಕನ ಕುತ್ತಿಗೆಗೇ ಬಂದಿತ್ತು.

ಬೆಳಿಗ್ಗೆ ಹತ್ತಕ್ಕೇ ಅಕ್ಕನ ಫೋನು. "ಏನೇ, ನಮ್ಮ ಬೆಳಗಿನ ಐದೂ ಇಪ್ಪತ್ತರ ಬಸ್ಸು ನಿಲ್ಲಿಸ್ತಾರಂತೆ?"

"ಮೂರು ಗಂಟೆಗೆ ಮೀಟಿಂಗ್ ಇದೆ ಅಕ್ಕಾ. ಟೇಬಲ್ಲಲ್ಲಿ ಆ ಟ್ರಿಪ್ಪಿಗೆ ದಿನಕ್ಕೆ ಸರಾಸರಿ ಮೂರೇ ಜನ."

"ಮೂರು ಜನಾನಾ! ದಿನಾ ಒಂದು ಕಾಲಲ್ಲಿ ನಿಂತು ಹೋಗ್ತೀನಿ ಕಣೇ ನಾನು. ಇನ್ನೊಂದು ಕಾಲಿಗೆ ಜಾಗ ಸಿಕ್ಕಿದ ದಿನ ಫೋನ್ ಮಾಡಿ ಹೇಳ್ತೀನಿ, ಬರ್ಕೋ. ಆರಕ್ಕೆ ವಾರ್ಡಲ್ಲಿರದಿದ್ರೆ ಹೆಡ್ ನರ್ಸು ನನ್ನನ್ನ ವಾಪಸ್ ಮನೆಗೆ ಕಳಿಸ್ತಾಳೆ. ಮುಂದಿನ ಬಸ್ಸಿರೋದು ಆರೂವರೆಗೆ!"

ಫೋನಿಟ್ಟವಳು ಮ್ಯಾಕ್ರೋ ಮತ್ತೆ ಓಡಿಸಿದಳು. ಮೂರು. ಇನ್ನೊಮ್ಮೆ ಓಡಿಸಿದಳು. ಹಳೆಯ ಟೇಬಲ್ಲಿನ ಹೆಸರೂ ಹೊಸದರ ಹೆಸರೂ ಒಂದೇ ಆಯಿತೆಂದು ಮ್ಯಾಕ್ರೋ ಅರ್ಧದಾರಿಯಲ್ಲಿ ಮುನಿಸಿಕೊಂಡು ಕೂತಿತು. ಹಳೆಯದನ್ನು ಅಳಿಸಿ ಮತ್ತೆ ಓಡಿಸಿದಳು. ಅದೇ ಮೂರು. ಕೀಬೋರ್ಡನ್ನು ಎತ್ತಿ ಕುಕ್ಕಿದಳು. ಅಜ್ಜಿಯ ಕಥೆಗಳಲ್ಲಿ ರಾಕ್ಷಸನ ಪ್ರಾಣ ಎಲ್ಲೋ ಒಂದು ಮರದ ಪೊಟರೆಯಲ್ಲಿ ಇದ್ದೇ ಇರುತ್ತಿತ್ತು, ರಾಜಕುಮಾರನಿಗೆ ದಾರಿ ಹೇಳುವ ಹಕ್ಕಿಯೂ ಸಿಗುತ್ತಿತ್ತು. ಇಲ್ಲಿ ಎಂಟು ಲಕ್ಷ ಸಾಲುಗಳಿದ್ದವು, ಹಕ್ಕಿಯಿರಲಿಲ್ಲ.

"ಮೇಡಂ, ಊಟಕ್ಕೆ ಬರಲ್ವಾ?" ಪಕ್ಕದ ಮೇಜಿನ ಗುಮಾಸ್ತ ಕೇಳಿದ.

"ನೀವು ಮಾಡಿ. ನಂಗೆ ಇದೇ ಊಟ."

"ಹಾಗಾದ್ರೆ ಜಾಸ್ತಿ ಅಗಿಬೇಡಿ, ಹಲ್ಲು ಹೋಗುತ್ತೆ."

ನಗು ಬರಲಿಲ್ಲ. ಸರಾಸರಿಯನ್ನು ಒಡೆದು ನೋಡೋಣವೆಂದು ಆ ಒಂದು ಟ್ರಿಪ್ಪನ್ನು ಮೂವತ್ತು ದಿನಗಳಿಗೆ ಹರಡಿದಳು. ಸೊನ್ನೆ, ಸೊನ್ನೆ, ಸೊನ್ನೆ. ಒಂಬತ್ತನೇ ತಾರೀಖು ನಲವತ್ತಾರು. ಮತ್ತೆ ಸೊನ್ನೆಗಳ ಸಾಲು. ಇಪ್ಪತ್ತಮೂರಕ್ಕೆ ಇನ್ನೊಂದು ನಲವತ್ತಾರು. ಅವಳ ಬೆನ್ನು ನೆಟ್ಟಗಾಯಿತು. ಬಸ್ಸೆಂದರೆ ತಿಂಗಳಿಗೆ ಎರಡು ದಿನ ತುಂಬಿ ಉಳಿದ ದಿನ ಖಾಲಿ ಓಡುವಂಥದ್ದಲ್ಲ.

ಡಿಪೋಗೆ ಫೋನ್ ಮಾಡಿ, ಆ ಬಸ್ಸಿನ ಕಂಡಕ್ಟರನ್ನು ಫೋನಿಗೆ ಕರೆಸಿದಳು.

"ಅಯ್ಯೋ ಮೇಡಂ, ಟಿಕೆಟ್ ಮಿಷನ್ನಿಗೆ ಟ್ರಿಪ್ ನಂಬರ್ ಹಾಕಕ್ಕೆ ಸೂಪರ್‌ವೈಜರ್ ಪಾಸ್‌ವರ್ಡ್ ಬೇಕು. ಅವ್ರು ಬರೋದು ಆರಕ್ಕೆ. ನಾವು ಹೊರಡೋದು ಐದೂ ಇಪ್ಪತ್ತಕ್ಕೆ. ನಂಬರಿಲ್ದೇನೇ ಟಿಕೆಟ್ ಹರೀತೀವಿ."

"ಎಷ್ಟು ದಿನದಿಂದ?"

"ದಿನ ಎಲ್ಲಿ ಬಂತು, ನಾಲ್ಕು ವರ್ಷ ಆಯ್ತು. ಹೋದ ತಿಂಗಳು ಎರಡು ದಿನ ಮಾತ್ರ ಅವ್ರು ನೈಟ್ ಡ್ಯೂಟೀಲಿದ್ರು, ನಂಬರ್ ಹಾಕ್ಕೊಟ್ರು."

"ಯಾರಿಗಾದ್ರೂ ಹೇಳಬಾರದಾ?"

"ಕೇಳಿದ್ರೆ ತಾನೇ ಹೇಳೋದು?"

ಅವಳು ಹಣೆ ಚಚ್ಚಿಕೊಂಡಳು. ಟ್ರಿಪ್ ನಂಬರ್ ಇಲ್ಲದ ಟಿಕೆಟ್ಟುಗಳನ್ನು ಬಾಗಿಲಲ್ಲೇ ತಡೆದು ವಾಪಸ್ ಕಳಿಸುತ್ತಿದ್ದುದು ಮಿಷನ್ನಲ್ಲ, ಡೇಟಾಬೇಸಲ್ಲ. ಮ್ಯಾಕ್ರೋದೊಳಗೆ ಡೇಟಾಬೇಸಿಗೆಂದು ಅವಳೇ ಬರೆದ ಪ್ರಶ್ನೆ. ಟ್ರಿಪ್ ನಂಬರ್ ಇದ್ದರೆ ಮಾತ್ರ ಟಿಕೆಟ್ ತಾ ಎಂದಿದ್ದಳು. ಅದು ಹೇಳಿದ ಮಾತು ಕೇಳಿತ್ತು, ಅಷ್ಟೇ.

ಎರಡೂವರೆ. ನಂಬರ್ ಇಲ್ಲದಿದ್ದರೆ ಬಸ್ಸಿನ ಗುರುತು, ಟಿಕೆಟ್ ಹರಿದ ಹೊತ್ತು ಎರಡನ್ನೂ ವೇಳಾಪಟ್ಟಿಯ ಜೊತೆ ಹೋಲಿಸು ಎಂದು ತಿದ್ದಿ ಬರೆದಳು. ಒಂದು ಅಲ್ಪವಿರಾಮ ಬಿಟ್ಟಳು, ಕಂಪ್ಯೂಟರಿನಿಂದ ಬೈಸಿಕೊಂಡಳು. ಹೊತ್ತು ಇರುವ ಕಾಲಮ್ಮಿನಲ್ಲಿ ಅರ್ಧ ಅಂಕಿ, ಅರ್ಧ ಬರೀ ಅಕ್ಷರವಾಗಿ ಕೂತಿತ್ತು; ಅದನ್ನೂ ಸರಿಮಾಡಿದಳು. ಮೂರಕ್ಕೆ ಐದು ನಿಮಿಷ ಇರುವಾಗ ಟೇಬಲ್ ನಿಂತಿತು. ಐದೂ ಇಪ್ಪತ್ತು: ಸರಾಸರಿ ನಲವತ್ತೇಳು.

ಲ್ಯಾಪ್‌ಟಾಪ್ ಎತ್ತಿಕೊಂಡು ಮೀಟಿಂಗ್ ರೂಮಿಗೆ ಓಡಿದಳು.

ಮ್ಯಾನೇಜರ್ ಸಾಹೇಬರು ಕನ್ನಡಕ ಏರಿಸಿ ನೋಡಿದರು. "ಬೆಳಿಗ್ಗೆ ಮೂರಿತ್ತಲ್ಲಮ್ಮ?"

"ತಪ್ಪು ನನ್ನದು ಸರ್." ಪಾಸ್‌ವರ್ಡಿನ ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

"ಸರಿ, ಈ ಬಸ್ಸು ಇರಲಿ." ನಿಲ್ಲಿಸಬೇಕಾದ ಟ್ರಿಪ್ಪುಗಳ ಪಟ್ಟಿಯಲ್ಲಿ ಅದರ ಮೇಲೆ ಗೀಟು ಎಳೆದರು. ಅವಳಿಗೆ ಅಕ್ಕನ ಮುಖ ಕಣ್ಣಮುಂದೆ ಬಂತು. ಆದರೆ ಸಾಹೇಬರ ಪೆನ್ನು ಕಾಗದದ ಮೇಲೇ ನಿಂತಿತ್ತು. "ಈ ಟೇಬಲ್ಲು ಎಷ್ಟು ದಿನದಿಂದ ಹೀಗಿದೆ?"

"ಶುರುವಿನಿಂದ ಸರ್. ಹೋದ ವರ್ಷದಿಂದ."

"ಹಾಗಾದ್ರೆ ನಾವು ಈಗಾಗಲೇ ನಿಲ್ಲಿಸಿದ ಬೆಳಗಿನ ಟ್ರಿಪ್ಪುಗಳು?"

ಅವಳು ಪ್ರಶ್ನೆಯಲ್ಲಿದ್ದ ತಿಂಗಳನ್ನು ಹಿಂದಕ್ಕೆ ಸರಿಸಿ ಬಟನ್ ಒತ್ತಿದಳು. ಪುಟ್ಟ ಚಕ್ರ ಬಹಳ ಹೊತ್ತು ತಿರುಗಿತು. ಆಮೇಲೆ, ಈಗ ಯಾವ ರಸ್ತೆಯಲ್ಲೂ ಇಲ್ಲದ ಎರಡು ಬಸ್ಸುಗಳು ಪರದೆಯ ಮೇಲೆ ಬಂದು ನಿಂತವು: ಒಂದರಲ್ಲಿ ಮೂವತ್ತೆಂಟು ಜನ, ಇನ್ನೊಂದರಲ್ಲಿ ಐವತ್ತೊಂದು.