ಬೇಡಕಿಹಾಳದ ಹುಡುಗಿ ಹೊಡೆದ ಇಸ್ತಾಂಬುಲ್ ಲಗ್ನ

ಹಡಗು ದಂಡೆಗೆ ತಾಗುವ ಮೊದಲೇ ಸ್ನೇಹಲ ಬಾಗಿಲ ಬಳಿ ಬಂದು ನಿಂತಿದ್ದಳು. ಕೊರಳಲ್ಲಿ ಕ್ಯಾಮೆರಾ, ಹೆಗಲಲ್ಲಿ ಚೀಲ, ಕೈಯಲ್ಲಿ ಅರ್ಧ ತಿಂದ ರೊಟ್ಟಿ. ಬಳೆಯ ಹಾಗೆ ದುಂಡಗಿದ್ದ ಆ ರೊಟ್ಟಿಗೆ ಮೈತುಂಬ ಎಳ್ಳು. ಅದರ ಆಸೆಗೆ ಕಡಲಹಕ್ಕಿಗಳು ತಲೆಯ ಮೇಲೆಯೇ ಕಿರುಚಾಡುತ್ತಿದ್ದವು. ಬೆಳಿಗ್ಗೆಯಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಪುಣೆಯ ಕಾಲೇಜೊಂದರಲ್ಲಿ ಫೋಟೋಗ್ರಫಿ ಕಲಿಯುತ್ತಿದ್ದ ಅವಳು ತರಗತಿಯವರ ಜೊತೆ ಇಸ್ತಾಂಬುಲ್‌ಗೆ ಬಂದು ಒಂದು ವಾರವಾಗಿತ್ತು. ಅಂದು ರಜೆ. ಉಳಿದವರೆಲ್ಲ ಬಜಾರಿಗೆ ಹೋದರೆ ಇವಳೊಬ್ಬಳೇ ಹಡಗು ಹತ್ತಿ ನಗರದ ಆಚೆ ದಂಡೆಗೆ ಬಂದಿದ್ದಳು. ಇವಳ ಊರು ಚಿಕ್ಕೋಡಿ ಕಡೆಯ ಬೇಡಕಿಹಾಳ. ಅಲ್ಲಿ ಕಾಕಾ ರಾವಸಾಹೇಬನ ಫೋಟೋ ಸ್ಟುಡಿಯೋ ಇತ್ತು. ಹೈಸ್ಕೂಲಿನಲ್ಲಿದ್ದಾಗಲೇ ಸ್ನೇಹಲ ಅವನ ಬೈಕಿನ ಹಿಂದೆ ಕೂತು, ಮಡಿಲಲ್ಲಿ ಲೈಟು ಹಿಡಿದುಕೊಂಡು ರಾಯಬಾಗ, ಅಥಣಿ, ಕಾಗವಾಡ ಎಂದು ಲಗ್ನಗಳಿಗೆ ಅಲೆದಿದ್ದಳು. ಪುಣೆಗೆ ಹೋದ ಮೇಲೆ ಮಾತ್ರ ಆ ಸುದ್ದಿಯನ್ನು ಯಾರ ಮುಂದೆಯೂ ಎತ್ತಿರಲಿಲ್ಲ. ಅಲ್ಲಿ ‘ಲಗ್ನದ ಫೋಟೋದವರು’ ಎಂದರೆ ನಗೆಯ ಮಾತು.

ಓಣಿಗಳು ಏರಿಳಿಯುತ್ತ ಹೋದವು. ಮೀನಿನ ಅಂಗಡಿಯವನು ಮೀನುಗಳ ಕೆಂಪು ಕಿವಿರುಗಳನ್ನು ಹೂವಿನಂತೆ ಹೊರಕ್ಕೆ ತಿರುವಿ ಜೋಡಿಸಿದ್ದ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಬೆಕ್ಕೊಂದು ನಿದ್ದೆ ಹೋಗಿತ್ತು. ಅಂಗಡಿಯವನು ಅದನ್ನು ಎಬ್ಬಿಸದೆ ಗಿರಾಕಿಗೆ ಕಾಯಲು ಹೇಳುತ್ತಿದ್ದ. ಸ್ನೇಹಲ ಫೋಟೋ ತೆಗೆದಳು, ಮತ್ತೆ ತೆಗೆದಳು. ಸುತ್ತಲಿನ ಮಾತು ತಿಳಿಯದಿದ್ದರೂ ನಡುನಡುವೆ ಗುರುತಿನ ಶಬ್ದಗಳು ಕಿವಿಗೆ ಬೀಳುತ್ತಿದ್ದವು. ದುಕಾನ್, ಹವಾ, ತಮಾಮ್. ಕುಡಚಿಯ ಗೆಳತಿಯ ಮನೆಯಲ್ಲಿ ಕೇಳಿದ ಉರ್ದು ಮಾತುಗಳು ಇಷ್ಟು ದೂರದಲ್ಲಿ ಎದುರಾದಾಗ ಅವಳಿಗೆ ಊರಿನವರೇ ಸಿಕ್ಕಷ್ಟು ಖುಷಿ.

ಅಷ್ಟರಲ್ಲಿ ಡೋಲಿನ ಸದ್ದು ಕೇಳಿಸಿತು. ಜೊತೆಗೆ ಸನಾದಿಯಂಥದೇ ಒಂದು ವಾದ್ಯ. ಸ್ನೇಹಲ ಸದ್ದಿನ ಬೆನ್ನು ಹತ್ತಿ ಓಡಿದಳು.

ಲಗ್ನ ನೋಂದಾಯಿಸುವ ಸರಕಾರಿ ಕಟ್ಟಡ ಅದು. ಮೆಟ್ಟಿಲ ಮೇಲೆ ಬಿಳಿ ಉಡುಪಿನ ಮದುಮಗಳು, ಸೊಂಟಕ್ಕೆ ಕೆಂಪು ಪಟ್ಟಿ. ಸುತ್ತ ನೆಂಟರ ಗದ್ದಲ. ಸ್ನೇಹಲ ಕ್ಯಾಮೆರಾ ಎತ್ತುವಷ್ಟರಲ್ಲಿ ಹಸಿರು ಉಡುಪಿನ ಹುಡುಗಿಯೊಬ್ಬಳು ದಡದಡನೆ ಇಳಿದು ಬಂದು ಅವಳ ರಟ್ಟೆ ಹಿಡಿದಳು.

“ಫೋಟೋ? ನೀನು ಫೋಟೋ?” ಎಂದಳು ಹರಕು ಇಂಗ್ಲಿಷಿನಲ್ಲಿ.

ತೆಗೆಯಬಹುದೇ ಎಂದು ತಾನು ಕೇಳುವ ಮೊದಲೇ ಒಪ್ಪಿಗೆ ಸಿಕ್ಕಿತೆಂದುಕೊಂಡು ಸ್ನೇಹಲ ಹೂಂ ಎಂದಳು. ಹುಡುಗಿ ಅವಳನ್ನು ಎಳೆದುಕೊಂಡೇ ಒಳಗೆ ಹೋದಳು. ಮದುಮಗಳ ತಂಗಿ ನೂರಾನ್ ಅವಳು. ಒಳಗಿನ ಸಭಾಂಗಣದಲ್ಲಿ ಒಂದು ಲಗ್ನ ಮುಗಿದು ಜನ ಹೊರಬೀಳುತ್ತಿದ್ದರು. ಮುಂದಿನ ಪಾಳಿ ಇವರದು. ಇವರ ಹಿಂದೆ ಮತ್ತೊಂದು ದಿಬ್ಬಣ ಆಗಲೇ ಬಂದು ನಿಂತಿತ್ತು. ಕೆಂಪು ನಿಲುವಂಗಿಯ ಅಧಿಕಾರಿ ಮೇಜಿನ ಹಿಂದೆ ಕೂತರು. ಮದುಮಕ್ಕಳು ಕೂತರು. ನೂರಾನ್ ಸ್ನೇಹಲಳನ್ನು ಎಲ್ಲರಿಗಿಂತ ಮುಂದಕ್ಕೆ ನೂಕಿ, “ಹಾಜಿರ್?” ಎಂದಳು.

ಹಾಜರಿದ್ದೀಯಾ, ತಯಾರಿದ್ದೀಯಾ. ಆ ಒಂದು ಶಬ್ದ ಚೆನ್ನಾಗಿಯೇ ತಿಳಿಯಿತು. ಸ್ನೇಹಲ ತಿರುಗಿ ನೋಡಿದಳು. ಸಭೆಯಲ್ಲಿ ಬೇರೆ ಕ್ಯಾಮೆರಾ ಒಂದೂ ಇರಲಿಲ್ಲ. ಇವರು ಗೊತ್ತು ಮಾಡಿದ ಫೋಟೋದವನು ಬಂದಿಲ್ಲ, ತನ್ನನ್ನೇ ಅವನ ಕಡೆಯವಳೆಂದು ತಿಳಿದಿದ್ದಾರೆ ಎಂಬುದು ಆಗ ಹೊಳೆಯಿತು. ಬಾಯಿ ಬಿಟ್ಟು ಹೇಳೋಣವೆಂದರೆ ಅಧಿಕಾರಿ ಆಗಲೇ ಮಾತು ಶುರು ಮಾಡಿದ್ದರು.

“ಹಾಜರ್,” ಎಂದಳು ಸ್ನೇಹಲ.

ಆಮೇಲೆ ಹೆದರಿಕೆಗೆ ಪುರಸೊತ್ತೇ ಇರಲಿಲ್ಲ. ಕೈಗಳು ತಾವಾಗಿಯೇ ಕೆಲಸಕ್ಕೆ ಬಿದ್ದವು. ಕಿಟಕಿಯ ಬೆಳಕು ಎಡದಿಂದ ಬರುತ್ತಿತ್ತು, ಅವಳು ಬಲಕ್ಕೆ ಸರಿದಳು. ಅಜ್ಜಿಯೊಬ್ಬಳ ಮುಂದೆ ಅಡ್ಡ ನಿಲ್ಲದಂತೆ ಮೊಳಕಾಲೂರಿದಳು. ವರ ಗಟ್ಟಿಯಾಗಿ ಒಪ್ಪಿಗೆ ಕೂಗಿದ, ವಧು ಅವನಿಗಿಂತ ಗಟ್ಟಿಯಾಗಿ ಕೂಗಿದಳು. ಸಭೆ ಚಪ್ಪಾಳೆ ತಟ್ಟಿತು. ಸಹಿಯಾಯಿತು. ತಕ್ಷಣ ನೂರಾನ್ ಸ್ನೇಹಲಳ ಕಿವಿಯಲ್ಲಿ, “ಈಗ ಕಾಲು! ಮೊದಲು ಯಾರು ತುಳೀತಾರೋ ಮನೆಯಲ್ಲಿ ಅವರದೇ ಮಾತು,” ಎಂದಳು.

ಎಲ್ಲರೂ ಮೇಜಿನ ಕೆಳಗೆ ಬಗ್ಗಿದರು. ಸ್ನೇಹಲ ವಧುವಿನ ಬೂಟಿಗೆ ಗುರಿ ಹಿಡಿದಳು. ಆದರೆ ಊರಿನ ಲಗ್ನಗಳಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಕಾಕಾ ಅನ್ನುತ್ತಿದ್ದ ಮಾತು ನೆನಪಾಯಿತು. “ಮಂದಿ ಎಲ್ಲಾ ಮದಮಕ್ಕಳನ್ನ ನೋಡತಿರ್ತಾರ, ಮಗಳ. ನೀ ಹುಡುಗೀ ತಂದೀ ಮಾರಿ ನೋಡು.” ಅವಳು ಗಕ್ಕನೆ ತಿರುಗಿದಳು.

ಒಳಗೆ ಬರುವಾಗ ನೂರಾನ್ ‘ಅಪ್ಪ’ ಎಂದು ತೋರಿಸಿದ್ದ ವಧುವಿನ ತಂದೆ ಗೋಡೆಗೆ ಒರಗಿ ಒಬ್ಬನೇ ನಿಂತಿದ್ದ. ಬಿಗಿಯಾದ ಕಂದು ಸೂಟು, ಬಿಗಿದ ತುಟಿ. ಹೊತ್ತು ಬಹಳವಾದರೂ ಒಮ್ಮೆಯೂ ನಕ್ಕಿರಲಿಲ್ಲ. ಮಗಳು ಗಂಡನ ಕಾಲು ತುಳಿದಳು. ಅದೇ ಗಳಿಗೆಗೆ, ತನಗೇ ತಿಳಿಯದೆ, ತಂದೆಯೂ ನೆಲ ತುಳಿಯಲು ಕಾಲೆತ್ತಿದ. ಮುಖ ನಗುತ್ತಿತ್ತು, ಕಣ್ಣು ತುಂಬಿ ಬಂದಿತ್ತು. ಸ್ನೇಹಲ ಗುಂಡಿ ಒತ್ತಿದಳು.

ಹೊರಗೆ ಬಂದಾಗ ಡೋಲು ಮತ್ತೆ ಶುರುವಾಗಿತ್ತು. ನೆಂಟರು ಒಬ್ಬೊಬ್ಬರಾಗಿ ವಧುವಿನ ಕೆಂಪು ಪಟ್ಟಿಗೆ ಬಂಗಾರದ ನಾಣ್ಯಗಳನ್ನು ಪಿನ್ನಿನಿಂದ ಸಿಕ್ಕಿಸುತ್ತಿದ್ದರು. ಆಗ ಬೆವರು ಒರೆಸಿಕೊಳ್ಳುತ್ತ ದಪ್ಪನೆಯವನೊಬ್ಬ ಓಡಿ ಬಂದ, ಎರಡೂ ಹೆಗಲಿಗೆ ಕ್ಯಾಮೆರಾ. ಹಡಗು ತಪ್ಪಿತ್ತಂತೆ. ಡೋಲು ನಿಂತಿತು. ಎಲ್ಲರೂ ಅವನನ್ನೂ ಸ್ನೇಹಲಳನ್ನೂ ನೋಡಿದರು.

“ಹಾಗಾದರೆ ನೀನು ಯಾರು?” ಎಂದಳು ನೂರಾನ್.

“ನಾನು ಸ್ಟೂಡೆಂಟು. ಭಾರತದಿಂದ ಬಂದವಳು. ಊರು ನೋಡ್ತಾ ಇದ್ದೆ,” ಎಂದಳು ಸ್ನೇಹಲ. ಆಮೇಲೆ ಕ್ಯಾಮೆರಾದ ಪರದೆಯಲ್ಲಿ ಆ ತಂದೆಯ ಚಿತ್ರ ತೆರೆದು ಅವರ ಕಡೆ ತಿರುಗಿಸಿದಳು.

ನೂರಾನ್ ನೋಡಿ ಬಾಯಿಗೆ ಕೈ ಹಿಡಿದಳು. ತಾಯಿ ನೋಡಿದಳು. ವಧು ನೋಡಿ ಕಣ್ಣಿನ ಕಾಡಿಗೆ ಇಳಿಯುವಷ್ಟು ನಕ್ಕಳು. ಕೊನೆಗೆ ಕ್ಯಾಮೆರಾ ತಂದೆಯ ಕೈ ಸೇರಿತು. ಅವನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ಏನೋ ಕೇಳಿದ.

“ತನ್ನ ಕಾಲು ಯಾಕೆ ಮೇಲಿದೆ ಅಂತ ಕೇಳ್ತಿದ್ದಾರೆ ಅಪ್ಪ,” ಎಂದಳು ನೂರಾನ್.

ಇಡೀ ದಿಬ್ಬಣ ಹೊಟ್ಟೆ ಹಿಡಿದು ನಕ್ಕಿತು. ತಡವಾಗಿ ಬಂದ ಫೋಟೋದವನು ಆ ಚಿತ್ರದ ಮೇಲೆ ಕಣ್ಣಿಟ್ಟು ತಲೆದೂಗಿದ. ತನ್ನ ಚೀಲದಿಂದ ಉದ್ದನೆಯ ಲೆನ್ಸೊಂದನ್ನು ತೆಗೆದು ಸ್ನೇಹಲಳಿಗೆ ಕೊಟ್ಟು, ನೀನು ಆ ಕಡೆ ಹಿಡಿ, ನಾನು ಈ ಕಡೆ ಎಂದು ಕೈಸನ್ನೆ ಮಾಡಿದ.

ಊಟ ಮಾಡದೆ ಹೋಗಲು ಬಿಡಲಿಲ್ಲ. ಸಮುದ್ರದ ಬದಿಯ ಹೋಟೆಲಿನಲ್ಲಿ ಉದ್ದನೆಯ ಮೇಜು. ಜೈನರ ಮನೆಯವಳಾದ ಸ್ನೇಹಲ ತಾನು ಮಾಂಸ ತಿನ್ನುವುದಿಲ್ಲ, ಮೀನೂ ಇಲ್ಲ, ಮೊಟ್ಟೆಯೂ ಇಲ್ಲ ಎಂದು ಹೇಳಿದಾಗ ವಧುವಿನ ತಾಯಿ ಗಾಬರಿಯಾಗಿ ಎದ್ದೇ ಬಿಟ್ಟಳು. ಅಡುಗೆಮನೆಗೆ ಹೋಗಿ ಬದನೆಕಾಯಿ, ಮೊಸರು, ಬಿಸಿ ರೊಟ್ಟಿ, ಅಂಜೂರ ತಂದು ಇಷ್ಟೆತ್ತರ ಪೇರಿಸಿದಳು. ಅರ್ಧ ಊಟಕ್ಕೇ ಸ್ನೇಹಲ ಎದ್ದು ಬಂದು ಕಾಕಾನಿಗೆ ಫೋನ್ ಮಾಡಿದಳು. ಇನ್ನು ತಡೆದುಕೊಳ್ಳಲು ಅವಳಿಂದಾಗಲಿಲ್ಲ.

“ಕಾಕಾ, ನಾ ಇಲ್ಲೊಂದ್ ಲಗ್ನ ಹೊಡ್ದೇನ್ರಿ.”

“ಇಸ್ತಾಂಬುಲ್‌ನಾಗ? ಅಲ್ಲಿ ನಮ್ಮ ಮಂದಿ ಯಾರ ಅದಾರ?”

“ಯಾರೂ ಇಲ್ರಿ. ಇಲ್ಲಿಯವರದ. ಅವ್ರ ಫೋಟೋದವಾ ಬರಲಿಲ್ಲ, ನನ್ನ ಹಿಡ್ಕೊಂಡ್ ಹೋದ್ರು.”

“ಭಾಷಾ ಹೆಂಗ ತಿಳೀತು?”

“ತಿಳೀಲಿಲ್ರಿ. ಆದ್ರ ಮುಂದ ಏನ್ ಆಗೂದೈತಿ ಅಂತ ಗೊತ್ತಾಗತಿತ್ತು.”

“ಮತ್ತ? ಲಗ್ನ ಅಂದ್ರ ಲಗ್ನ ಅಲಾ,” ಎಂದ ರಾವಸಾಹೇಬ. ಅವನ ದನಿಯಲ್ಲಿನ ಹಿಗ್ಗು ಮುಚ್ಚಿಡಲು ಆಗುವಂಥದಾಗಿರಲಿಲ್ಲ. “ಊಟಾ ಮಾಡು ಹೋಗು. ಹೊತ್ತ್ ಮುಣಗೂದ್ರಾಗ ಉಣ್ಣು. ರಾತ್ರಿ ಕಾರ್ಡ್ ಕಾಪಿ ಮಾಡಿ ಎರಡ ಕಡೆ ಇಡು.”

ಬಿಸಿಲು ಇಳಿದಾಗ ನೂರಾನ್ ಅವಳನ್ನು ಹಡಗುಕಟ್ಟೆಯ ತನಕ ಬಿಟ್ಟು, ಕೆನ್ನೆಗೆ ಕೆನ್ನೆ ತಾಗಿಸಿ ಕಳಿಸಿಕೊಟ್ಟಳು. ಹಡಗಿನಲ್ಲಿ ತರಗತಿಯ ಗೆಳತಿ ಪ್ರಾಜಕ್ತಾಳ ಮೆಸೇಜು ಬಂತು. ಇಡೀ ದಿನ ಎಲ್ಲಿ ಹೋಗಿದ್ದೀ ಎಂದು ಕೇಳಿದ್ದಳು. ಸ್ನೇಹಲ ಎರಡು ಸಲ ಏನೇನೋ ಬರೆದು ಅಳಿಸಿದಳು. ಆಮೇಲೆ “ಲಗ್ನದ ಫೋಟೋ ಹೊಡೆಯಲಿಕ್ಕೆ” ಎಂದು ಬರೆದು ಕಳಿಸಿದಳು.

ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ಕ್ಯಾಮೆರಾದತ್ತ ಬೆರಳು ತೋರಿಸಿ, ನನಗೂ ತೋರಿಸು ಎಂಬಂತೆ ಕತ್ತು ಚಾಚಿದಳು. ಸ್ನೇಹಲ ಹತ್ತಿರ ಸರಿದು ಕೂತು, ತಕ್ಕಡಿಯಲ್ಲಿ ಮಲಗಿದ ಬೆಕ್ಕಿನಿಂದ ಶುರುಮಾಡಿದಳು.