ತಣ್ಣಗಿದ್ದ ಮೋಟಾರು

ಆ ಮನೆಯಲ್ಲಿ ಹಣೆಗೆ ಹಿಡಿದು ಜ್ವರ ನೋಡುವ ಗನ್ನು ಒಂದಿತ್ತು. ಆದರೆ ಅದು ಮನುಷ್ಯರಿಗಲ್ಲ. ಹೆಂಡತಿ ನೆಗಡಿಯಾಗಿ ಕಂಬಳಿ ಹೊದ್ದು ಮಲಗಿದ್ದಾಗಲೂ ಗಂಡ ಆ ಗನ್ನು ಹಿಡಿದು ಅವಳ ಮಂಚ ದಾಟಿ, ಕಿಟಕಿಯ ಬಳಿಯ ಮೇಜಿಗೆ ಹೋಗಿ, ಮುಷ್ಟಿಯೊಳಗೆ ಅಡಗುವಷ್ಟಿದ್ದ ಮೋಟಾರಿಗೆ ಗುರಿಯಿಟ್ಟಿದ್ದ. "ಪಾಪ, ಬೆಚ್ಚಗಾಗಿದೆ," ಎಂದಿದ್ದ. ಆ "ಪಾಪ" ತನಗೇ ಇರಬೇಕೆಂದು ಅವಳು ಒಂದು ಗಳಿಗೆ ಖುಷಿಪಟ್ಟದ್ದೂ ಉಂಟು.

ಗಂಡನ ಕಸುಬು ಕಟ್ಟುಹಲ್ಲು ಮಾಡುವುದು. ಹಲ್ಲಿನ ಡಾಕ್ಟರುಗಳು ಕಳಿಸಿದ ಅಚ್ಚು ನೋಡಿ, ಯಾರದೋ ಬಾಯಿಗೆ ಒಪ್ಪುವಂತೆ ಒಂದೊಂದೇ ಹಲ್ಲನ್ನು ಉಜ್ಜಿ ಕೂರಿಸುತ್ತಿದ್ದ. ಊರಿನ ಎಷ್ಟೋ ಮುದುಕರ ನಗು ಅವನ ಮೇಜಿನಿಂದಲೇ ಹೊರಟದ್ದು. ಹೆಂಡತಿ ಸಿಟಿ ಬಸ್ಸಿನ ಡ್ರೈವರು. ಕಿಕ್ಕಿರಿದ ಬಸ್ಸನ್ನು ನಿಂತವರ ಮೈ ಅಲುಗದಂತೆ ತಿರುಗಿಸಿ ಪಳಗಿದ ಕೈ ಅವಳದು. ಭಾನುವಾರ ಬಂತೆಂದರೆ ಇಬ್ಬರೂ ಸೇರಿ ರಿಮೋಟಿನ ಪುಟ್ಟ ಕಾರಿನ ರೇಸಿಗೆ ಹೋಗುತ್ತಿದ್ದರು. ಓಡಿಸುವವಳು ಅವಳು, ಮೋಟಾರು ಹದ ಮಾಡುವವನು ಅವನು. ಈ ಹಂಚಿಕೆಯ ಬಗ್ಗೆ ಅವರ ನಡುವೆ ಯಾವತ್ತೂ ತಕರಾರು ಬಂದಿರಲಿಲ್ಲ. ಮಿಕ್ಕ ಎಲ್ಲದರ ಬಗ್ಗೆಯೂ ಬಂದಿತ್ತು.

ಮೋಟಾರು ಹದ ಮಾಡುವುದೆಂದರೆ ಹೀಗೆ. ಅದರ ಹಿಂಬದಿಯ ಮುಚ್ಚಳದ ಮೇಲೆ ಸಣ್ಣ ಸಣ್ಣ ಗೀಟುಗಳಿರುತ್ತವೆ. ಮುಚ್ಚಳವನ್ನು ಒಂದು ಗೀಟು ಮುಂದಕ್ಕೆ ತಿರುಗಿಸಿದರೆ ವೇಗ ಏರುತ್ತದೆ, ಜೊತೆಗೆ ಬಿಸಿಯೂ ಏರುತ್ತದೆ. ಆಸೆಬುರುಕರಾಗಿ ಇನ್ನೂ ತಿರುಗಿಸುತ್ತಾ ಹೋದರೆ ಒಳಗಿನ ತಂತಿ ಸುಟ್ಟು ಹೊಗೆ ಬರುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದೇ ವಿದ್ಯೆ. ಗಂಡನಿಗೆ ಆ ವಿದ್ಯೆ ಚೆನ್ನಾಗಿಯೇ ಬರುತ್ತಿತ್ತು. ನಿಲ್ಲಿಸುವ ಮನಸ್ಸು ಮಾತ್ರ ಬರುತ್ತಿರಲಿಲ್ಲ.

ಈ ಸಲದ ಮೊದಲ ರೇಸಿನಲ್ಲಿ ಹಾಗೇ ಆಯಿತು. ಎಲ್ಲರಿಗಿಂತ ಮುಂದಿದ್ದ ಕಾರು ನಡುವೆಯೇ ಮುಗ್ಗರಿಸಿ, ಬಾಲದಿಂದ ನೂಲಿನಂತೆ ಹೊಗೆ ಬಿಟ್ಟು ನಿಂತುಬಿಟ್ಟಿತು. ಹೆಂಡತಿಗೆ ಸೋತದ್ದು ದೊಡ್ಡದೆನಿಸಲಿಲ್ಲ. ಆದರೆ ಮನೆಗೆ ಬಂದ ಮೇಲೆ ಗಂಡ ಆ ಕಪ್ಪಾದ ಮೋಟಾರನ್ನು ಮುಂದಿಟ್ಟುಕೊಂಡು ತಲೆಯ ಮೇಲೆ ಕೈಹೊತ್ತು ಕೂತ. ಊಟಕ್ಕೆ ಕರೆದರೆ ಬಂದ, ಉಂಡ, ಏನು ಉಂಡೆ ಎಂದು ಕೇಳಿದರೆ ಹೇಳಲಾರದವನಾಗಿದ್ದ. ಅವನ ಆ ಮುಖ ನೋಡಿ ಅವಳ ಕರುಳು ಚುರುಕ್ಕೆಂದಿತು. ಇನ್ನೊಮ್ಮೆ ಈ ಮುಖ ನೋಡಲು ನನ್ನಿಂದಾಗದು ಎಂದುಕೊಂಡಳು.

ಹೊಸ ಮೋಟಾರು ಬಂತು. ಅವಳು ಯಾರಿಗೂ ಹೇಳದೆ ಒಂದು ಕಿತಾಪತಿ ಮಾಡಿದಳು. ಬಸ್ಸಿಗೆ ಇಷ್ಟು ವೇಗದ ಮೇಲೆ ಓಡದಂತೆ ಕಟ್ಟು ಹಾಕುತ್ತಾರಲ್ಲ, ರಿಮೋಟಿನಲ್ಲೂ ಹಾಗೊಂದು ಉಪಾಯವಿದೆ. ಬೆರಳಿನಿಂದ ಟ್ರಿಗರನ್ನು ಪೂರ್ತಿ ಎಳೆದರೂ ಮೋಟಾರಿಗೆ ಕರೆಂಟು ಪೂರ್ತಿ ಹೋಗದಂತೆ ರಿಮೋಟಿನ ಪರದೆಯಲ್ಲೇ ಮಿತಿ ಹಾಕಬಹುದು. ಅವಳು ಹಾಕಿದಳು. ರೇಸು ಮುಗಿದಾಗ ಗಂಡ ಗನ್ನು ಹಿಡಿದು ನೋಡಿ ಬೆರಗಾದ.

"ನೋಡೇ, ಎಷ್ಟು ತಣ್ಣಗಿದೆ! ಇದಕ್ಕೆ ಇನ್ನೊಂದು ಗೀಟು ತಡ್ಕೊಳ್ಳೋ ತಾಕತ್ತಿದೆ."

"ಇರ್ಲಿ ಬಿಡ್ರೀ, ಸಾಕು."

"ಸಾಕು, ಸೀಟಿಲ್ಲ ಅಂತ ನೀನು ಬಸ್ಸಲ್ಲಿ ಹೇಳ್ಕೋ."

ಅವನು ಒಂದು ಗೀಟು ಏರಿಸಿದ. ಅವಳು ಹೆದರಿ ರಿಮೋಟಿನಲ್ಲಿ ಇನ್ನಷ್ಟು ಇಳಿಸಿದಳು. ಮೋಟಾರು ಇನ್ನೂ ತಣ್ಣಗೆ ಬಂತು. ಅವನು ಇನ್ನೂ ಏರಿಸಿದ. ಹೀಗೆ ಗಂಡ ಏರಿಸುವುದು, ಹೆಂಡತಿ ಇಳಿಸುವುದು ನಡೆದೇ ನಡೆಯಿತು. ವೇಗ ಅಳೆಯುವ ಪರೀಕ್ಷೆಯ ಪೆಟ್ಟಿಗೆಗೆ ಕಟ್ಟಿದಾಗ ಕೀಚೆಂದು ಕಿರುಚಿ ಮನೆಯ ಬೆಕ್ಕನ್ನು ಓಡಿಸುತ್ತಿದ್ದ ಮೋಟಾರು ರೇಸಿಗೆ ಹೋದರೆ ಬಾಣಂತಿಯ ಹಾಗೆ ನಡೆಯುತ್ತಿತ್ತು. ಗಂಡನಿಗೆ ತಲೆಬುಡ ತಿಳಿಯಲಿಲ್ಲ.

ಇದರಲ್ಲಿ ಲಾಭವಾದದ್ದು ಅವಳ ತಮ್ಮನಿಗೆ. ಅವನು ಡ್ರೈವಿಂಗ್ ಶಾಲೆಯ ಮೇಷ್ಟ್ರು. ತಾನೂ ರೇಸಿನ ಪುಟ್ಟ ಕಾರು ಓಡಿಸುತ್ತಿದ್ದ. ಮೋಟಾರನ್ನು ಅಂಗಡಿಯಿಂದ ತಂದು ಹಾಗೆಯೇ ಹಾಕಿ, ಅಕ್ಕನ ಮುಂದೆಯೇ ಗುರಿ ಮುಟ್ಟುತ್ತಿದ್ದ. ಮುಟ್ಟಿದ ಮೇಲೆ ಸುಮ್ಮನಿರುವ ಜಾತಿಯವನಲ್ಲ.

"ಭಾವ, ನಿಮ್ಮ ಮೋಟಾರಿಗೂ ಕಟ್ಟುಹಲ್ಲು ಹಾಕ್ಸಿದೀರಾ ಹೇಗೆ? ಕಚ್ಚೋದೇ ಇಲ್ವಲ್ಲ!"

ಭಾವ ಎಲ್ಲರ ಜೊತೆ ತಾನೂ ನಕ್ಕ. ಮನೆಗೆ ಬಂದ ಮೇಲೆ ಮಾತ್ರ ಹೆಂಡತಿಗೆ ಹೇಳಿದ: "ಕೊನೇ ರೇಸು ಒಂದಿದೆ. ಅದರಲ್ಲೂ ನಿನ್ನ ತಮ್ಮನ ಹಿಂದೆ ಬಂದ್ರೆ ನಾನು ಮೋಟಾರು ಮುಟ್ಟೋದು ಬಿಟ್ಟೆ ಅಂತ ತಿಳ್ಕೋ. ಮುಂದಿನ ಸಲದಿಂದ ನೀನೂ ಅಂಗಡೀದೇ ಹಾಕ್ಕೊಂಡು ಓಡ್ಸು. ನನ್ನ ಕೈಗುಣ ಹೋಯ್ತು ಅನ್ಸುತ್ತೆ."

ಅವಳಿಗೆ ಗೊತ್ತಿತ್ತು: ಅವನ ಕೈಯಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ದೋಷವಿದ್ದದ್ದು ತನ್ನ ರಿಮೋಟಿನಲ್ಲಿ. ಹೇಳಿಬಿಡೋಣವೆಂದು ಬಾಯಿ ತೆರೆದಳು. "ಇಷ್ಟು ದಿನ ನಿಮ್ಮ ಮೋಟಾರಿನ ಮೇಲೆ ನಂಬಿಕೆ ಇರಲಿಲ್ಲ" ಎಂದು ಯಾವ ಬಾಯಲ್ಲಿ ಹೇಳುವುದು? ತೆರೆದ ಬಾಯಿಯಿಂದ "ಹಾಲು ತರ್ಬೇಕಿತ್ತು" ಎಂಬ ಮಾತು ಬಂತು. ಅವನು ಚೀಲ ಹಿಡಿದು ಹಾಲಿಗೆ ಹೋದ.

ಕೊನೆಯ ರೇಸಿನ ಹಿಂದಿನ ದಿನ ಅವಳಿಗೆ ಬಸ್ಸಿನ ಡ್ಯೂಟಿಯಿತ್ತು. ಸಂಜೆ ಮನೆಗೆ ಬಂದಾಗ ಕಾರು ಮೇಜಿನ ಮೇಲೆ ಇಟ್ಟಿಗೆ ಹತ್ತಿ ಚಕ್ರ ಮೇಲೆತ್ತಿಕೊಂಡು ಕೂತಿತ್ತು. ಗಂಡ ಕೈಕಟ್ಟಿ ಅದನ್ನೇ ನೋಡುತ್ತಿದ್ದ.

"ಏನಾಯ್ತ್ರೀ?"

"ಏನಿಲ್ಲ. ಎಲ್ಲಾ ಸರಿಯಿದೆ," ಎಂದ. ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ಅವಳು ಈಚೆಗೆ ಕೇಳಿರಲಿಲ್ಲ. ಇವನು ಆಗಲೇ ಸೋತು ಕೂತಿದ್ದಾನೆಂದು ಅವಳಿಗೆ ಅನಿಸಿತು.

ಭಾನುವಾರ ಬೆಳಿಗ್ಗೆ ಆಟದ ಹಾಲ್‌ನಲ್ಲಿ ಜಮಖಾನ ಹಾಸಿ, ಸುತ್ತ ಮರದ ಪಟ್ಟಿ ಹೊಡೆದು ದಾರಿ ಮಾಡಿದ್ದರು. ಓಡಿಸುವವರು ಒಂದು ಎತ್ತರದ ಅಟ್ಟದ ಮೇಲೆ ಸಾಲಾಗಿ ನಿಲ್ಲಬೇಕು. ಪಕ್ಕದಲ್ಲೇ ತಮ್ಮ ಬಂದು ನಿಂತ.

"ಅಕ್ಕ, ಇವತ್ತು ಹೊಗೆನೋ, ನಿದ್ದೆನೋ?"

"ನಿನ್ನ ಶಿಷ್ಯರೆಲ್ಲ ಯಾಕೆ ಗೋಡೆಗೆ ಗುದ್ದುತಾರೆ ಅಂತ ಮೊದ್ಲು ಯೋಚ್ನೆ ಮಾಡು, ಹೋಗು."

ಕೆಳಗೆ ಗಂಡ ಕಾರನ್ನು ನೆಲಕ್ಕಿಟ್ಟು, ಮಗುವನ್ನು ಶಾಲೆಗೆ ಬಿಟ್ಟವನಂತೆ ಒಮ್ಮೆ ತಿರುಗಿ ನೋಡಿ ಪಕ್ಕಕ್ಕೆ ಸರಿದ. ಅವಳು ರಿಮೋಟಿನ ಪರದೆ ನೋಡಿದಳು. ಮಿತಿ ಹಾಗೇ ಇತ್ತು. ಹಾಗೇ ಬಿಟ್ಟರೆ ಹೊಗೆಯಿಲ್ಲ, ಆದರೆ ಸೋಲು ಖಂಡಿತ. ಅವನು ಆ ಮೇಜಿನ ಕಡೆ ತಿರುಗಿ ನೋಡುವುದಿಲ್ಲ. ತೆಗೆದರೆ ಅಷ್ಟು ಗೀಟು ಏರಿದ ಮೋಟಾರು ನಡುದಾರಿಯಲ್ಲಿ ಸುಟ್ಟೇ ಸುಡುತ್ತದೆ. ಸುಟ್ಟರೆ ಸುಡಲಿ, ಸುಡುವ ತನಕವಾದರೂ ಅವನ ಮೋಟಾರು ಎಂಥದ್ದೆಂದು ಅವನ ಕಣ್ಣಾರೆ ನೋಡಲಿ ಎನಿಸಿತು ಅವಳಿಗೆ. ಹೆಬ್ಬೆರಳಿನಿಂದ ಒತ್ತಿ ಒತ್ತಿ ಮಿತಿಯನ್ನು ಪೂರ್ತಿ ಮೇಲಕ್ಕೆ ಏರಿಸಿದಳು.

ಗಂಟೆ ಹೊಡೆಯಿತು. ಕಾರು ಚಿಮ್ಮಿತು ನೋಡಿ, ಅವಳೇ ಬೆಚ್ಚಿಬಿದ್ದಳು! ಮೊದಲ ತಿರುವಿನಲ್ಲಿ ಪಟ್ಟಿಗೆ ಮೈ ಉಜ್ಜಿ ಹೇಗೋ ಉಳಿಯಿತು. ಆಮೇಲೆ ಬಸ್ಸಿನ ಕೈ ಎಚ್ಚೆತ್ತುಕೊಂಡಿತು. ತಿರುವಿಗೆ ಮೊದಲೇ ಸಡಿಲಿಸಿ, ದಾಟಿದ ಮೇಲೆ ಮೆಲ್ಲಗೆ ಎಳೆದು, ನಿಂತವರ ಮೈ ಅಲುಗದ ಹಾಗೆ ಓಡಿಸತೊಡಗಿದಳು. ತಮ್ಮನ ಕಾರು ಮುಂದಿತ್ತು. ಅದರ ಬಾಲ ಹಿಡಿದಳು. ಒಂದು ಕಣ್ಣು ದಾರಿಯ ಮೇಲಿದ್ದರೆ ಇನ್ನೊಂದು ಹೊಗೆ ಹುಡುಕುತ್ತಿತ್ತು. ಈಗ ಬಂತು, ಇನ್ನೇನು ಬಂತು ಎಂದು ಉಸಿರು ಬಿಗಿಹಿಡಿದೇ ಓಡಿಸಿದಳು. ಹೊಗೆ ಬರಲಿಲ್ಲ. ಮೋಟಾರು ಕಿರುಚಲೂ ಇಲ್ಲ. ತನ್ನ ಪಾಡಿಗೆ ತಾನು ಗುನುಗುತ್ತಾ ಹೋಗುತ್ತಿತ್ತು. ಕೊನೆಯ ಸುತ್ತಿನಲ್ಲಿ ತಮ್ಮ ಅಕ್ಕನನ್ನು ತಡೆಯುವ ಆತುರದಲ್ಲಿ ತಿರುವನ್ನು ಅಗಲ ಮಾಡಿ ಪಟ್ಟಿಗೆ ಗುದ್ದಿದ. ಒಳಗಿನಿಂದ ನುಸುಳಿ ಹೋದ ಅಕ್ಕ ಹಿಂತಿರುಗಿ ನೋಡಲಿಲ್ಲ.

"ಶಿಷ್ಯರಿಗೆ ನಾನೇ ಕಲಿಸ್ತಿರೋದು, ಇನ್ನೇನು," ಎಂದು ತಮ್ಮ ತಲೆ ಕೆರೆದುಕೊಂಡ.

ಅವಳು ಅಟ್ಟ ಇಳಿದು ಓಡಿಬಂದಾಗ ಗಂಡ ಕಾರನ್ನು ಎತ್ತಿ ಗನ್ನು ಹಿಡಿದು ನಿಂತಿದ್ದ. ಮೋಟಾರು ಹದವಾಗಿ ಬೆಚ್ಚಗಿತ್ತು, ಅಷ್ಟೆ.

"ರೀ, ನಿಮಗೊಂದು ವಿಷ್ಯ ಹೇಳ್ಬೇಕು. ಬೈಬಾರ್ದು."

"ಏನೂ ಹೇಳ್ಬೇಡ. ನಿನ್ನೆನೇ ಗೊತ್ತಾಯ್ತು," ಎಂದ ಅವನು. "ಪೆಟ್ಟಿಗೆಗೆ ಕಟ್ಟಿದ್ರೆ ಒಂದು ವೇಗ, ರಿಮೋಟಲ್ಲಿ ಎಳೆದ್ರೆ ಇನ್ನೊಂದು ವೇಗ. ಬ್ಯಾಟರಿ ಬದಲಾಯಿಸ್ದೆ, ವೈರು ಬದಲಾಯಿಸ್ದೆ. ಆಮೇಲೆ ನಿನ್ನ ರಿಮೋಟಿನ ಪರದೆ ನೋಡ್ದೆ."

ಅವನು ಕಾರನ್ನು ತಿರುಗಿಸಿ ಮೋಟಾರಿನ ಹಿಂಬದಿ ತೋರಿಸಿದ. ಮುಚ್ಚಳ, ಹೊಸ ಮೋಟಾರು ಬಂದ ದಿನ ಯಾವ ಗೀಟಿನಲ್ಲಿತ್ತೋ ಅದೇ ಗೀಟಿಗೆ ವಾಪಸು ಹೋಗಿತ್ತು.

"ರಿಮೋಟು ಮಾತ್ರ ಮುಟ್ಟಲಿಲ್ಲ. ಅದು ನಿನ್ನದು."

"ಅಯ್ಯೋ! ನಾನು ಇವತ್ತು ಮಿತಿ ತೆಗೀದೆ ಇದ್ದಿದ್ರೆ? ಎರಡೂ ಕಮ್ಮಿ ಆದ್ರೆ ಕೊನೆಗೆ ಬರ್ತೀವಿ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಸೋತ್ರೆ ಸೋಲೋಣ, ಕಡೇ ಸಲನಾದ್ರೂ ನೀನು ಹೆದರ್ದೆ ಓಡ್ಸು ಅಂತ ಅಂದ್ಕೊಂಡೆ. ನನ್ನ ಮೋಟಾರಿಗೆ ನೀನು ಹೆದರ್ಕೊಂಡಿದ್ದೆ ಅಂತ ಗೊತ್ತಾದ್ಮೇಲೆ ಗೆದ್ದು ಏನು ಮಾಡ್ಲಿ?"

"ಮೋಟಾರಿಗಲ್ಲ ರೀ ನಾನು ಹೆದರಿದ್ದು," ಎಂದಳು. "ಅವತ್ತು ಅದು ಸುಟ್ಟಾಗ ನಿಮ್ಮ ಮುಖ ಹೇಗೆ ಆಗಿತ್ತೋ, ಅದಕ್ಕೆ."

ಕಟ್ಟುಹಲ್ಲು ಮಾಡುವವನ ಸ್ವಂತ ಹಲ್ಲು ಅಷ್ಟೂ ಕಾಣುವಂತೆ ನಗಲು ಹೊರಟವನ ಕಣ್ಣು ತುಂಬಿತು. ಆಮೇಲೆ ಕೈಯಲ್ಲಿದ್ದ ಗನ್ನನ್ನು ಎತ್ತಿ ಅವಳ ಹಣೆಗೆ ಹಿಡಿದ.

"ಸ್ವಲ್ಪ ಬಿಸಿಯಿದೆ."

"ಸದ್ಯ, ಹೊಗೆ ಬರ್ತಿಲ್ವಲ್ಲ," ಎಂದಳು ಅವಳು. "ಒಂದು ಗೀಟು ಇಳಿಸಿ. ನಡೀರಿ, ಮನೆಗೆ ಹೋಗೋಣ."